ಟಿಕೆಟ್ ಇಲ್ಲದ ಸಿನಿಮಾದ ಲೆಕ್ಕ

2025ರ ಮಾರ್ಚ್ 14ರಂದು ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ಎಲೆಕ್ಟ್ರಿಕ್ ಸ್ಟೇಟ್’ ಬಂತು. ‘ಅವೆಂಜರ್ಸ್: ಎಂಡ್‌ಗೇಮ್’ ಮಾಡಿದ ಆಂಥನಿ ಮತ್ತು ಜೋ ರೂಸೊ ಸಹೋದರರು ಅದರ ನಿರ್ದೇಶಕರು. ಸ್ವೀಡನ್ನಿನ ಕಲಾವಿದ ಸೈಮನ್ ಸ್ಟಾಲೆನ್‌ಹಾಗ್ ಚಿತ್ರಗಳಲ್ಲೇ ಕಥೆ ಕಟ್ಟಿದ ಪುಸ್ತಕವೊಂದಿದೆ. ಖಾಲಿ ರಸ್ತೆ, ತುಕ್ಕು ಹಿಡಿದ ಯಂತ್ರ, ಮಂಜು, ಅದರ ನಡುವೆ ಒಬ್ಬ ಹುಡುಗಿ. ಆ ಪುಸ್ತಕವನ್ನು ಎತ್ತಿಕೊಂಡು ತಮಾಷೆ ಮಾತಾಡುವ ರೋಬೋಗಳ ಹೊಡೆದಾಟದ ಸಿನಿಮಾ ಮಾಡಿದರು. ವರದಿಯಾದ ವೆಚ್ಚ 32 ಕೋಟಿ ಡಾಲರ್. ಆಗಿನ ದರದಲ್ಲಿ 2,700 ಕೋಟಿ ರೂಪಾಯಿಗೂ ಹೆಚ್ಚು. ವಿಮರ್ಶಕರು ಹೆಚ್ಚುಕಡಿಮೆ ಒಕ್ಕೊರಲಿನಿಂದ ತಿರಸ್ಕರಿಸಿದರು. ಮೊದಲ ಮೂರು ದಿನಗಳಲ್ಲಿ 2.52 ಕೋಟಿ ‘ವೀಕ್ಷಣೆ’ ಆಯಿತೆಂದು ನೆಟ್‌ಫ್ಲಿಕ್ಸ್ ಪ್ರಕಟಿಸಿತು.

ಈ ಸಿನಿಮಾ ಗೆದ್ದಿತೋ ಸೋತಿತೋ? ಚಿತ್ರಮಂದಿರಕ್ಕೆ ಬಂದಿದ್ದರೆ ಸೋಮವಾರದೊಳಗೆ ಗೊತ್ತಾಗುತ್ತಿತ್ತು. ಹಾಲಿವುಡ್‌ನವರದ್ದು ಒಂದು ಒರಟು ಲೆಕ್ಕ ಇದೆ. ಟಿಕೆಟ್ ಹಣದಲ್ಲಿ ಹತ್ತಿರಹತ್ತಿರ ಅರ್ಧ ಪ್ರದರ್ಶಕರ ಪಾಲಾಗುತ್ತದೆ, ಪ್ರಚಾರದ ಖರ್ಚು ಬೇರೆ ಇರುತ್ತದೆ. ಆದ್ದರಿಂದ ಹಾಕಿದ ಬಂಡವಾಳದ ಎರಡರಿಂದ ಎರಡೂವರೆ ಪಟ್ಟು ಗಳಿಕೆ ಆಗದೆ ಅಸಲು ಹುಟ್ಟುವುದಿಲ್ಲ. ಆ ಪ್ರಕಾರ ‘ಎಲೆಕ್ಟ್ರಿಕ್ ಸ್ಟೇಟ್’ 64ರಿಂದ 80 ಕೋಟಿ ಡಾಲರ್ ಗಳಿಸಬೇಕಿತ್ತು. ಗಾಂಧಿನಗರದ ಲೆಕ್ಕವೂ ಇದೇ ಜಾತಿಯದು, ಸೊನ್ನೆಗಳು ಕಡಿಮೆ ಅಷ್ಟೆ. ಶುಕ್ರವಾರ ಮ್ಯಾಟಿನಿ ಮುಗಿಯುವ ಹೊತ್ತಿಗೆ ನಿರ್ಮಾಪಕನ ಮುಖ ನೋಡಿಯೇ ಜನ ಹೇಳುತ್ತಾರೆ. ಆದರೆ ನೆಟ್‌ಫ್ಲಿಕ್ಸ್‌ನ ಈ ಸಿನಿಮಾಗೆ ಟಿಕೆಟ್ಟೇ ಇರಲಿಲ್ಲ. ಅದನ್ನು ನೋಡಿದವರು ಕೊಟ್ಟ ಚಂದಾ ಅಷ್ಟೇ, ನೋಡದವರು ಕೊಟ್ಟಿದ್ದೂ ಅಷ್ಟೇ. ಬಾಳೆಲೆ ಊಟದ ಹೋಟೆಲಿನಲ್ಲಿ ಎಲೆಗಿಷ್ಟು ಎಂದು ದುಡ್ಡು ತೆಗೆದುಕೊಂಡ ಮೇಲೆ, ಹೋಳಿಗೆಯಿಂದ ಎಷ್ಟು ಲಾಭ ಬಂತು ಎಂದು ಗಲ್ಲಾದ ಮೇಲೆ ಕೂತವರೂ ಹೇಳಲಾರರು.

ಹಾಗೆಂದು ಇದನ್ನು ದುಂದು ಎಂದುಬಿಡುವುದು ಸುಲಭ, ಆದರೆ ಸರಿಯಲ್ಲ. ಕಂಪನಿಯ ಕಡೆಯಿಂದ ಯೋಚಿಸಿದರೆ ಲೆಕ್ಕ ಹೀಗೆ ಕಾಣುತ್ತದೆ. 2024ರ ಕೊನೆಗೆ ನೆಟ್‌ಫ್ಲಿಕ್ಸ್‌ಗೆ ಜಗತ್ತಿನಾದ್ಯಂತ 30 ಕೋಟಿಗೂ ಹೆಚ್ಚು ಚಂದಾದಾರರಿದ್ದರು. 32 ಕೋಟಿ ಡಾಲರನ್ನು ಅಷ್ಟು ಜನರಿಗೆ ಹಂಚಿದರೆ ತಲೆಗೆ ಒಂದು ಡಾಲರ್‌ಗಿಂತ ತುಸು ಹೆಚ್ಚು. ಅಮೆರಿಕದಲ್ಲಿ ಜಾಹೀರಾತಿಲ್ಲದ ಸಾಮಾನ್ಯ ಚಂದಾ ಆಗ ತಿಂಗಳಿಗೆ 18 ಡಾಲರ್‌ನಷ್ಟಿತ್ತು. 2025ಕ್ಕೆ ಕಂಪನಿ ಸಿನಿಮಾ, ಸರಣಿ, ಆಟೋಟಗಳಿಗೆಲ್ಲ ಸೇರಿಸಿ ಎತ್ತಿಟ್ಟಿದ್ದು ಸುಮಾರು 1,800 ಕೋಟಿ ಡಾಲರ್. ಅದರಲ್ಲಿ ಈ ಒಂದು ಸಿನಿಮಾ ನೂರಕ್ಕೆ ಎರಡರಷ್ಟೂ ಅಲ್ಲ. ನಮಗೆ ತಲೆ ತಿರುಗಿಸುವ ಮೊತ್ತ ಅವರಿಗೆ ಒಂದು ವಾರದ ಸಂತೆಯ ಖರ್ಚು. ಒಮ್ಮೆ ಮಾಡಿಟ್ಟ ಸಿನಿಮಾವನ್ನು ಇನ್ನೂ ಒಂದು ಕೋಟಿ ಜನ ನೋಡಿದರೂ ಹೊಸದಾಗಿ ಖರ್ಚೇನೂ ಬರುವುದಿಲ್ಲ. ಹಾಗಾಗಿ ಚಂದಾದಾರರ ಸಂಖ್ಯೆ ದೊಡ್ಡದಾದಷ್ಟೂ ದೊಡ್ಡ ಖರ್ಚು ಸಮರ್ಥನೀಯವಾಗುತ್ತದೆ.

ಈ ವಾದ ಗಟ್ಟಿಯಾಗಿದೆ. ಅದರ ಸಡಿಲ ಜಾಗ ಇರುವುದು ಸರಾಸರಿಯಲ್ಲಿ. ಚಂದಾದಾರನೊಬ್ಬನಿಗೆ ಒಂದು ಡಾಲರ್ ತಗುಲಿತೆಂಬುದು ಅಷ್ಟು ಮುಖ್ಯವಲ್ಲ. ಈ ಸಿನಿಮಾ ಇಲ್ಲದಿದ್ದರೆ ಆತ ಚಂದಾ ನಿಲ್ಲಿಸುತ್ತಿದ್ದನೇ ಎಂಬುದು ಮುಖ್ಯ. 32 ಕೋಟಿ ಡಾಲರ್ ಎಂದರೆ ಅಮೆರಿಕದ ದರದಲ್ಲಿ ಸುಮಾರು 15 ಲಕ್ಷ ಜನರ ಒಂದು ವರ್ಷದ ಚಂದಾ. ಇದೊಂದರ ಸಲುವಾಗಿಯೇ ಅಷ್ಟು ಜನ ಹೊಸದಾಗಿ ಸೇರಿರಬೇಕು, ಇಲ್ಲವೇ ಹೊರಟು ನಿಂತ ಅಷ್ಟು ಜನ ತಡೆದು ನಿಂತಿರಬೇಕು. ನಾಲ್ಕೈದು ವರ್ಷ ಕಪಾಟಿನಲ್ಲಿ ಕೂತು ನಿಧಾನವಾಗಿ ದುಡಿಯುತ್ತದೆ ಎನ್ನಲೂ ಬರುವುದಿಲ್ಲ. ತನ್ನ ಸಿನಿಮಾ, ಸರಣಿಗಳ ಮೌಲ್ಯದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಮೊದಲ ನಾಲ್ಕು ವರ್ಷಗಳಲ್ಲೇ ಸವೆತವೆಂದು ಬರೆದುಹಾಕುತ್ತೇವೆ ಎಂದು ನೆಟ್‌ಫ್ಲಿಕ್ಸ್ ತನ್ನ ವಾರ್ಷಿಕ ವರದಿಯಲ್ಲಿ ಹೇಳಿಕೊಂಡಿದೆ. ಸಿನಿಮಾ ಬೇಗ ಹಳಸುತ್ತದೆ ಎಂದು ಒಪ್ಪಿಕೊಂಡಂತೆಯೇ ಆಯಿತು.

ಹೀಗಿರುವಾಗ ಅಳತೆ ಯಾರ ಕೈಯಲ್ಲಿದೆ ನೋಡಿ. ಮೊದಲು ಒಬ್ಬ ‘ನೋಡಿದ’ ಎನ್ನಬೇಕಾದರೆ ಸಿನಿಮಾದ ನೂರಕ್ಕೆ ಎಪ್ಪತ್ತು ಭಾಗವನ್ನಾದರೂ ನೋಡಿರಬೇಕಿತ್ತು. 2020ರಲ್ಲಿ ಅದು ಎರಡು ನಿಮಿಷಕ್ಕೆ ಇಳಿಯಿತು. ಎರಡು ನಿಮಿಷದಲ್ಲಿ ಟೈಟಲ್ ಕಾರ್ಡೂ ಮುಗಿದಿರುವುದಿಲ್ಲ. 2021ರ ನವೆಂಬರ್‌ನಲ್ಲಿ ‘ನೋಡಿದ ಒಟ್ಟು ಗಂಟೆಗಳು’ ಎಂಬ ಲೆಕ್ಕ ಬಂತು, 2023ರಲ್ಲಿ ಆ ಗಂಟೆಗಳನ್ನು ಸಿನಿಮಾದ ಅವಧಿಯಿಂದ ಭಾಗಿಸಿ ‘ವೀಕ್ಷಣೆ’ ಎಂದರು. ಇದು ಇದ್ದುದರಲ್ಲಿ ವಾಸಿ. ಆದರೂ ಇಬ್ಬರು ಅರ್ಧರ್ಧ ನೋಡಿ ಬೇಸತ್ತು ಎದ್ದುಹೋದರೆ ಈ ಲೆಕ್ಕದಲ್ಲಿ ಅದು ಒಂದು ಪೂರ್ತಿ ವೀಕ್ಷಣೆ. ಸರಕು ಮಾರುವವನೇ ತಕ್ಕಡಿಯನ್ನೂ ಹಿಡಿದಿದ್ದಾನೆ, ಬೇಕೆನಿಸಿದಾಗ ತೂಕದ ಬಟ್ಟನ್ನೂ ಬದಲಿಸುತ್ತಾನೆ. 2023ರಲ್ಲಿ ಹಾಲಿವುಡ್‌ನ ಬರಹಗಾರರು 148 ದಿನ ಮುಷ್ಕರ ಹೂಡಿ ಗಳಿಸಿದ್ದರಲ್ಲಿ ಇದೂ ಒಂದು: ತಾವು ಬರೆದದ್ದನ್ನು ಎಷ್ಟು ಗಂಟೆ ನೋಡಿದರೆಂಬ ಲೆಕ್ಕ ಅವರ ಸಂಘಕ್ಕೆ ಸಿಗುತ್ತದೆ, ಅದೂ ಗೋಪ್ಯತೆಯ ಷರತ್ತಿನ ಮೇಲೆ. ಬರೆದವರಿಗೇ ಹೀಗಾದರೆ ಹೊರಗಿನವರ ಪಾಡೇನು!

ಆದರೂ ಪ್ರಕಟವಾದ ಅಂಕಿಗಳನ್ನೇ ಹಿಡಿದು ನೋಡೋಣ. ಮೊದಲ 91 ದಿನಗಳ ಲೆಕ್ಕದಲ್ಲಿ ನೆಟ್‌ಫ್ಲಿಕ್ಸ್‌ನ ಅತಿ ಹೆಚ್ಚು ನೋಡಿದ ಇಂಗ್ಲಿಷ್ ಸಿನಿಮಾಗಳ ಪಟ್ಟಿಯಲ್ಲಿ ‘ರೆಡ್ ನೋಟಿಸ್’ ಬಹುಕಾಲ ಮೊದಲ ಸ್ಥಾನದಲ್ಲಿತ್ತು. ವೆಚ್ಚ 20 ಕೋಟಿ ಡಾಲರ್, ವೀಕ್ಷಣೆ 23 ಕೋಟಿ. ದೊಡ್ಡ ಖರ್ಚಿಗೆ ದೊಡ್ಡ ಫಲ ಎನ್ನಿಸುತ್ತದೆ. ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ‘ಕ್ಯಾರಿ-ಆನ್’ ಇದೆ. ಕ್ರಿಸ್‌ಮಸ್ ಹೊತ್ತಿನ ವಿಮಾನ ನಿಲ್ದಾಣ, ಒಬ್ಬ ತಪಾಸಣಾ ಸಿಬ್ಬಂದಿ, ಕಿವಿಯಲ್ಲಿ ಒಂದು ದನಿ, ಅಷ್ಟೇ ಕಥೆ. ವರದಿಯಾದ ವೆಚ್ಚ 4.7 ಕೋಟಿ ಡಾಲರ್, ವೀಕ್ಷಣೆ 17 ಕೋಟಿ. ಇನ್ನೂ ಕೆಳಗೆ 2018ರ ‘ಬರ್ಡ್ ಬಾಕ್ಸ್’; ಸಾಂಡ್ರಾ ಬುಲಕ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಕ್ಕಳನ್ನು ಕಾಪಾಡುವ ಸಿನಿಮಾ. ಅದಕ್ಕಾದ ಖರ್ಚು ಸುಮಾರು 2 ಕೋಟಿ ಡಾಲರ್, ವೀಕ್ಷಣೆ 15.7 ಕೋಟಿ. ಅದೇ ರೂಸೊ ಸಹೋದರರು 2022ರಲ್ಲಿ 20 ಕೋಟಿ ಡಾಲರ್‌ನಲ್ಲಿ ಮಾಡಿದ ‘ದಿ ಗ್ರೇ ಮ್ಯಾನ್’ ಇದೆಯಲ್ಲ, ನಮ್ಮ ಧನುಷ್ ಬಂದು ಇಬ್ಬರು ನಾಯಕರಿಗಿಂತ ಚೆನ್ನಾಗಿ ಹೊಡೆದಾಡಿ ಹೋಗುತ್ತಾರಲ್ಲ, ಅದರ ವೀಕ್ಷಣೆ 13.9 ಕೋಟಿ. ‘ಬರ್ಡ್ ಬಾಕ್ಸ್’ನ ಹತ್ತು ಪಟ್ಟು ಖರ್ಚು ಮಾಡಿಯೂ ಕಡಿಮೆ ಜನ ನೋಡಿದರು.

ಕಂಪನಿಗೆ ಇದು ಗೊತ್ತಿಲ್ಲವೆಂದಲ್ಲ. 2021ರಲ್ಲಿ ಸೋರಿಕೆಯಾದ ಒಳದಾಖಲೆಗಳನ್ನು ಬ್ಲೂಮ್‌ಬರ್ಗ್ ಪ್ರಕಟಿಸಿದಾಗ ಹೊರಬಿದ್ದ ಸಂಗತಿ ಇದು: ಕೊರಿಯಾದ ‘ಸ್ಕ್ವಿಡ್ ಗೇಮ್’ ಮೊದಲ ಸರಣಿಗೆ 2.14 ಕೋಟಿ ಡಾಲರ್ ಖರ್ಚಾಗಿತ್ತು. ಅದರಿಂದ ಹುಟ್ಟಿದ ಮೌಲ್ಯ 89.1 ಕೋಟಿ ಡಾಲರ್ ಎಂದು ಕಂಪನಿಯೇ ಅಂದಾಜು ಕಟ್ಟಿಕೊಂಡಿತ್ತು. ಅಂದರೆ ಒಂದೊಂದು ಸಿನಿಮಾ, ಒಂದೊಂದು ಸರಣಿ ಎಷ್ಟು ದುಡಿಯಿತು ಎಂಬ ಲೆಕ್ಕಪುಸ್ತಕ ಒಳಗೆ ಇದೆ. ಸ್ಟ್ರೀಮಿಂಗ್‌ನಲ್ಲಿ ಲಾಭನಷ್ಟ ಹೇಳಲಾಗದು ಎಂಬುದೆಲ್ಲ ಹೊರಗಿನವರಿಗೆ ಕೊಡುವ ಉತ್ತರ.

ಹಾಗಾದರೆ ಗೊತ್ತಿದ್ದೂ ಏಕೆ ಸುರಿಯುತ್ತಾರೆ? ಒಂದು ಕಾರಣ ಬೆಲೆ ಕಟ್ಟುವ ರೀತಿಯಲ್ಲೇ ಇದೆ. ಚಿತ್ರಮಂದಿರದ ಕಾಲದಲ್ಲಿ ದೊಡ್ಡ ನಟನಿಗೆ ಸಂಭಾವನೆಯ ಮೇಲೆ ಲಾಭದಲ್ಲಿ ಪಾಲು ಸಿಗುತ್ತಿತ್ತು. ಸಿನಿಮಾ ಓಡಿದರೆ ಎಲ್ಲರಿಗೂ ಹಬ್ಬ, ತೋಪಾದರೆ ಎಲ್ಲರಿಗೂ ಪೆಟ್ಟು. ಟಿಕೆಟ್ಟೇ ಇಲ್ಲದ ಮೇಲೆ ಪಾಲು ಕೊಡುವುದು ಯಾವುದರಲ್ಲಿ? ಆದ್ದರಿಂದ ಗೆದ್ದಿದ್ದರೆ ಬರುತ್ತಿದ್ದ ಪಾಲನ್ನೂ ಅಂದಾಜು ಮಾಡಿ ಮೊದಲೇ ಕೊಟ್ಟುಬಿಡುತ್ತಾರೆ. ‘ರೆಡ್ ನೋಟಿಸ್’ನ ಮೂವರು ತಾರೆಯರಿಗೆ ತಲಾ 2 ಕೋಟಿ ಡಾಲರ್ ಆಜುಬಾಜಿನ ಸಂಭಾವನೆ ಎಂದು ವರದಿಯಾಗಿತ್ತು. ನಿರ್ಮಾಣ ಸಂಸ್ಥೆಗೂ ಇದೇ ಕ್ರಮ: ಆದ ಖರ್ಚೆಲ್ಲ ನಮ್ಮದು, ಮೇಲೆ ಇಷ್ಟು ಲಾಭ ನಿಮ್ಮದು, ಸಿನಿಮಾ ಪೂರ್ತಿ ನಮ್ಮದು. ನಿರ್ಮಾಪಕ ಒಂದು ದಿನದ ಚಿತ್ರೀಕರಣ ಉಳಿಸಿದರೂ ಅವನ ಜೇಬಿಗೆ ಏನೂ ಬೀಳದು. ಸಿನಿಮಾ ಬಿಡುಗಡೆಯಾಗುವ ಮೊದಲೇ ಎಲ್ಲರೂ ಗೆದ್ದಾಗಿರುತ್ತದೆ. ಹೀಗಾಗಿ ಬಜೆಟ್ ಎಂದು ಪತ್ರಿಕೆಗಳಲ್ಲಿ ಬರುವ ಮೊತ್ತದಲ್ಲಿ ಒಂದು ದೊಡ್ಡ ಭಾಗ ಪರದೆಯ ಮೇಲೆ ಕಾಣುವುದೇ ಇಲ್ಲ.

ಪರದೆಯ ಮೇಲೆ ಕಾಣುವ ಖರ್ಚು ಹೇಗಿರುತ್ತದೆಂದು ತಿಳಿಯಲು ಜಪಾನಿನ ‘ಗಾಡ್ಜಿಲ್ಲಾ ಮೈನಸ್ ಒನ್’ ನೋಡಬೇಕು. ಒಂದೂವರೆ ಕೋಟಿ ಡಾಲರ್‌ಗಿಂತಲೂ ಕಡಿಮೆಯಲ್ಲಿ ಮಾಡಿದ ಆ ಸಿನಿಮಾ 2024ರಲ್ಲಿ ದೃಶ್ಯ ಪರಿಣಾಮಗಳ ಆಸ್ಕರ್ ಗೆದ್ದಿತು. ನಿರ್ದೇಶಕ ತಕಾಶಿ ಯಮಾಜಾಕಿ ತಾವೇ ಗ್ರಾಫಿಕ್ಸ್ ಉಸ್ತುವಾರಿ ವಹಿಸಿ, ಒಂದು ಸಣ್ಣ ತಂಡದೊಂದಿಗೆ ಒಂದೇ ಕಡೆ ಕೂತು ಕೆಲಸ ಮಾಡಿದ್ದರು. ಜಪಾನಿನ ಗ್ರಾಫಿಕ್ಸ್ ಕೆಲಸಗಾರರ ಕೂಲಿ ಕಡಿಮೆ ಎಂಬುದೂ ನಿಜ, ಅದನ್ನು ಮುಚ್ಚಿಟ್ಟು ಹೊಗಳಬಾರದು. ಆದರೆ ಕೂಲಿಯ ವ್ಯತ್ಯಾಸ ಇಪ್ಪತ್ತು ಪಟ್ಟಿನ ಅಂತರವನ್ನು ವಿವರಿಸುವುದಿಲ್ಲ.

ಇನ್ನು ಈ ಗ್ರಾಫಿಕ್ಸ್ ತಲುಪುವುದಾದರೂ ಎಲ್ಲಿಗೆ? 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿ ಮೊಬೈಲ್ ಪ್ಲಾನಿನ ದರವನ್ನು 199ರಿಂದ 149 ರೂಪಾಯಿಗೆ ಇಳಿಸಿತು. ಆ ಪ್ಲಾನಿನಲ್ಲಿ ಚಿತ್ರದ ಸ್ಪಷ್ಟತೆ 480ಪಿ, ಹಳೆಯ ಡಿವಿಡಿಯ ಮಟ್ಟದ್ದು. ಮೆಟ್ರೋದಲ್ಲಿ ನಿಂತು ಅಂಗೈಯಗಲದ ಪರದೆಯಲ್ಲಿ ನೋಡುವವನಿಗೆ ರೋಬೋ ಮೈಮೇಲಿನ ತುಕ್ಕಿನ ಕಣಕಣವನ್ನೂ ಬಿಡಿಸಿದ ಕಲಾವಿದನ ಶ್ರಮ ಮುಟ್ಟುವುದೇ ಇಲ್ಲ. ಕಂಪನಿಗೂ ಇದು ಗೊತ್ತು. ವಿಲ್ ಟ್ಯಾವ್ಲಿನ್ 2024ರ ಕೊನೆಯಲ್ಲಿ ಅಮೆರಿಕದ ‘ಎನ್ ಪ್ಲಸ್ ಒನ್’ ಪತ್ರಿಕೆಗೆ ಬರೆದ ದೀರ್ಘ ಲೇಖನದಲ್ಲಿ, ಪಾತ್ರಗಳು ತಾವು ಏನು ಮಾಡುತ್ತಿದ್ದೇವೆಂದು ಬಾಯಿಬಿಟ್ಟು ಹೇಳಲಿ ಎಂಬ ಸೂಚನೆ ನೆಟ್‌ಫ್ಲಿಕ್ಸ್ ಅಧಿಕಾರಿಗಳಿಂದ ಬರುತ್ತದೆಂದು ಚಿತ್ರಕಥೆಗಾರರು ಹೇಳಿದ್ದನ್ನು ದಾಖಲಿಸಿದ್ದಾರೆ. ಟೀವಿ ಹಾಕಿಟ್ಟು ಬೇರೆ ಕೆಲಸ ಮಾಡುತ್ತಿರುವವರಿಗೂ ಕಥೆ ತಿಳಿಯಬೇಕಲ್ಲ! ನಮ್ಮ ಸಂಜೆಯ ಧಾರಾವಾಹಿಗಳು ಒಗ್ಗರಣೆ ಹಾಕುತ್ತ ಕೇಳಿಸಿಕೊಳ್ಳುವ ಹೆಂಗಸರಿಗಾಗಿ ಇದನ್ನೇ ಮಾಡಿದಾಗ ಬುದ್ಧಿವಂತರೆಲ್ಲ ನಕ್ಕಿದ್ದರು. ಅವುಗಳ ಒಂದು ಕಂತಿಗಾಗುವ ಖರ್ಚು ಇಲ್ಲಿ ಒಂದು ಹೊತ್ತಿನ ಊಟಕ್ಕೂ ಸಾಲದು. ಕಣ್ಣಿಟ್ಟು ನೋಡಲಾರರು ಎಂದು ಮೊದಲೇ ಒಪ್ಪಿಕೊಂಡ ಕೃತಿಗೆ ಕಣ್ಣಿಗಾಗಿಯೇ 2,700 ಕೋಟಿ ರೂಪಾಯಿ ಸುರಿಯುವುದು ನನಗೆ ಎಷ್ಟು ಯೋಚಿಸಿದರೂ ಅರ್ಥವಾಗದ ಸಂಗತಿ.

ಸ್ಟ್ರೀಮಿಂಗ್ ಹಣದಿಂದ ಒಳ್ಳೆಯದೇನೂ ಆಗಿಲ್ಲವೇ? ಆಗಿದೆ, ಅದನ್ನು ಹೇಳದೆ ಮುಂದೆ ಹೋದರೆ ಅನ್ಯಾಯ. ಮಾರ್ಟಿನ್ ಸ್ಕಾರ್ಸೆಸಿ ‘ದಿ ಐರಿಶ್‌ಮನ್’ ಮಾಡಲು ಹೊರಟಾಗ ಪ್ಯಾರಾಮೌಂಟ್ ಹಿಂದೆ ಸರಿಯಿತು. ಮೂರೂವರೆ ಗಂಟೆಯ ಸಿನಿಮಾ, ಎಪ್ಪತ್ತು ದಾಟಿದ ನಟರು, ಅವರನ್ನು ಯುವಕರನ್ನಾಗಿ ತೋರಿಸುವ ದುಬಾರಿ ತಂತ್ರಜ್ಞಾನ. ಯಾವ ಸ್ಟುಡಿಯೋ ಕೈಹಾಕುತ್ತಿತ್ತು? ನೆಟ್‌ಫ್ಲಿಕ್ಸ್ ಸುಮಾರು 16 ಕೋಟಿ ಡಾಲರ್ ಕೊಟ್ಟಿತೆಂದು ವರದಿಯಾಯಿತು. ಆ ಸಿನಿಮಾದ ಕೊನೆಯ ಅರ್ಧ ಗಂಟೆ, ಮುದಿ ಹಂತಕ ಫ್ರಾಂಕ್ ಶೀರನ್ ತನ್ನ ಶವಪೆಟ್ಟಿಗೆಯನ್ನು ತಾನೇ ಹೋಗಿ ಆರಿಸುವುದು, ಮಗಳು ಮಾತಾಡದೆ ಉಳಿಯುವುದು, ಇವುಗಳಿಗೆ ನಾನು ಬೆಲೆ ಕಟ್ಟಲಾರೆ. 2018ರಲ್ಲಿ ಅಲ್ಫೊನ್ಸೊ ಕ್ವಾರೋನ್ ಕಪ್ಪುಬಿಳುಪಿನಲ್ಲಿ, ಸ್ಪ್ಯಾನಿಷ್ ಮತ್ತು ಮಿಶ್‌ಟೆಕ್ ಭಾಷೆಗಳಲ್ಲಿ, ಒಬ್ಬ ಮನೆಗೆಲಸದ ಹೆಣ್ಣಿನ ಕಥೆ ಹೇಳಿದ ‘ರೋಮಾ’ ನಮ್ಮ ಮನೆಗಳಿಗೆ ಬಂದದ್ದೂ ನೆಟ್‌ಫ್ಲಿಕ್ಸ್ ಮೂಲಕವೇ. ಅದರ ವೆಚ್ಚ ಸುಮಾರು ಒಂದೂವರೆ ಕೋಟಿ ಡಾಲರ್. ಆಸ್ಕರ್ ಪ್ರಚಾರಕ್ಕೆ ಅದಕ್ಕಿಂತ ಹೆಚ್ಚು ಸುರಿದರೆಂದು ಆಗಿನ ವರದಿಗಳು ಹೇಳಿದವು, ಇರಲಿ. ‘ಐರಿಶ್‌ಮನ್’ಗೆ ಹಣ ಕೊಟ್ಟಾಗ ಕಂಪನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿದಿತ್ತು. ಒಬ್ಬ ನಿರ್ದೇಶಕನ ಐವತ್ತು ವರ್ಷದ ಕಸುಬನ್ನು, ಅವನ ಹಟವನ್ನು. ‘ರೆಡ್ ನೋಟಿಸ್’, ‘ಗ್ರೇ ಮ್ಯಾನ್’, ‘ಎಲೆಕ್ಟ್ರಿಕ್ ಸ್ಟೇಟ್’ಗಳಲ್ಲಿ ಕೊಂಡದ್ದು ಮೊದಲ ಪುಟದ ಚೌಕದೊಳಗೆ ಹಾಕಬಹುದಾದ ಮುಖಗಳನ್ನು.

ಟಿಕೆಟ್ಟಿನ ಪರೀಕ್ಷೆ ಇಲ್ಲದ್ದರಿಂದ ಇನ್ನೊಂದು ಅನಾಹುತ ಆಗಿದೆ. ಸಿನಿಮಾವನ್ನು ಹುಟ್ಟಿಸುವಷ್ಟೇ ಸಲೀಸಾಗಿ ಕೊಂದುಹಾಕಬಹುದು. 2022ರ ಆಗಸ್ಟ್‌ನಲ್ಲಿ ವಾರ್ನರ್ ಬ್ರದರ್ಸ್ ಡಿಸ್ಕವರಿ, ಎಚ್‌ಬಿಒ ಮ್ಯಾಕ್ಸ್‌ಗೆಂದು ಸುಮಾರು 9 ಕೋಟಿ ಡಾಲರ್ ಖರ್ಚು ಮಾಡಿ ಹೆಚ್ಚುಕಡಿಮೆ ಮುಗಿಸಿದ್ದ ‘ಬ್ಯಾಟ್‌ಗರ್ಲ್’ ಸಿನಿಮಾವನ್ನು ಬಿಡುಗಡೆ ಮಾಡದೆ ನಷ್ಟದ ಖಾತೆಗೆ ಬರೆದು ತೆರಿಗೆ ಉಳಿಸಿಕೊಳ್ಳಲು ತೀರ್ಮಾನಿಸಿತು. ಮರುವರ್ಷ ಡಿಸ್ನಿ, ‘ಕ್ರೇಟರ್’ ಎಂಬ ತನ್ನದೇ ಮಕ್ಕಳ ಸಿನಿಮಾವನ್ನು ಡಿಸ್ನಿ ಪ್ಲಸ್‌ನಲ್ಲಿ ಬಂದ ಏಳು ವಾರಕ್ಕೇ ಇಳಿಸಿಬಿಟ್ಟಿತು. ನಮ್ಮಲ್ಲಿಯೂ ‘ಬಾಹುಬಲಿ’ಯ ಹಿಂದಿನ ಕಥೆಯೆಂದು ಶಿವಗಾಮಿಯ ಬಾಲ್ಯ, ಯೌವನವನ್ನು ಹೇಳಹೊರಟ ಸರಣಿಯನ್ನು ನೆಟ್‌ಫ್ಲಿಕ್ಸ್ ನೂರು ಕೋಟಿ ರೂಪಾಯಿಗೂ ಹೆಚ್ಚು ಸುರಿದ ಮೇಲೆ ಕೈಬಿಟ್ಟಿತೆಂದು ವರದಿಯಾಯಿತು. ಮೊದಲ ದಿನವೇ ತೋಪಾದ ಸಿನಿಮಾ ಕೂಡ ಹಿಂದಿನ ಕಾಲದಲ್ಲಿ ಎಲ್ಲೋ ಒಂದು ಟೂರಿಂಗ್ ಟಾಕೀಸಿಗೆ, ಆಮೇಲೆ ಒಂದು ಭಾನುವಾರದ ದೂರದರ್ಶನಕ್ಕೆ ಬಂದು ಯಾರೋ ನಾಲ್ಕು ಜನರಿಗೆ ಇಷ್ಟವಾಗುತ್ತಿತ್ತು.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಒಂದು ವಾರದ ಅಂತರದಲ್ಲಿ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂದವು. ಕನ್ನಡಕ್ಕೂ ಒಂದು ಹೊಸ ಬಾಗಿಲು ತೆರೆಯಿತೆಂದು ಆಗ ಅನೇಕರಿಗೆ ಅನ್ನಿಸಿತ್ತು. ಬಾಗಿಲು ಬಹಳ ಕಾಲ ತೆರೆದಿರಲಿಲ್ಲ. ರಕ್ಷಿತ್ ಶೆಟ್ಟಿ ನಿರ್ಮಾಣದಲ್ಲಿ ಪಾಲಿದ್ದ ‘ಏಕಂ’ ಕಥಾಸರಣಿಗೆ ಯಾವ ವೇದಿಕೆಯೂ ಸಿಗದೆ, ಕೊನೆಗೆ 2024ರ ಜುಲೈನಲ್ಲಿ ಅವರೇ ಒಂದು ಜಾಲತಾಣ ಕಟ್ಟಿಕೊಂಡು ಬಿಡುಗಡೆ ಮಾಡಬೇಕಾಯಿತು. ಕರಾವಳಿಯ ಏಳು ಕಥೆಗಳವು, ತಾರಾಬಲವೊಂದೇ ಮಾನದಂಡವಲ್ಲದ ಯಾವ ಮಾರುಕಟ್ಟೆಯಲ್ಲೂ ನಿಲ್ಲುವಂಥವು. ನಮ್ಮ ನಿರ್ಮಾಪಕರು ಈಗ ವೇದಿಕೆಗಳ ಬಾಗಿಲಿಗೆ ಹೋದರೆ ಸಿಗುವ ಉತ್ತರ ಬಹುತೇಕ ಒಂದೇ: ಮೊದಲು ಥಿಯೇಟರ್‌ನಲ್ಲಿ ಓಡಲಿ, ಗಳಿಕೆ ನೋಡಿ ರೇಟು ಮಾತಾಡೋಣ.

ನನ್ನ ತಕರಾರು ಇರುವುದು ಇಲ್ಲೇ. ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರಲ್ಲಿ ಒಬ್ಬರಾದ ಟೆಡ್ ಸರಾಂಡೋಸ್ 2025ರ ಏಪ್ರಿಲ್‌ನಲ್ಲಿ, ಚಿತ್ರಮಂದಿರಕ್ಕಾಗಿ ಸಿನಿಮಾ ಮಾಡುವ ಆಸೆ ಬಹುಪಾಲು ಜನರ ಮಟ್ಟಿಗೆ ಹಳೆಯ ಕಾಲದ್ದಾಯಿತು ಎಂಬರ್ಥದಲ್ಲಿ ಮಾತಾಡಿದರು. ‘ನೈವ್ಸ್ ಔಟ್’ನ ಮುಂದಿನ ಎರಡು ಭಾಗಗಳಿಗೆ 45 ಕೋಟಿ ಡಾಲರ್‌ಗೂ ಹೆಚ್ಚು ಒಪ್ಪಿಕೊಂಡ ಕಂಪನಿ, ಅದರಲ್ಲಿ ಮೊದಲನೆಯದಾದ ‘ಗ್ಲಾಸ್ ಆನಿಯನ್’ ಅನ್ನು ಅಮೆರಿಕದ ಆರುನೂರರಷ್ಟು ಚಿತ್ರಮಂದಿರಗಳಲ್ಲಿ ಒಂದೇ ವಾರ ತೋರಿಸಿ, ಜನ ತುಂಬಿದ್ದರೂ ಎತ್ತಿಕೊಂಡುಹೋಯಿತು. ಮೂಲ ‘ನೈವ್ಸ್ ಔಟ್’ಗೆ ಆದ ಖರ್ಚು 4 ಕೋಟಿ ಡಾಲರ್, ಚಿತ್ರಮಂದಿರಗಳಲ್ಲಿ ಅದು ಗಳಿಸಿದ್ದು 31 ಕೋಟಿ. ಆ ಗಳಿಕೆ ಇಲ್ಲದಿದ್ದರೆ ಮುಂದಿನ ಭಾಗಗಳಿಗೆ ಆ ಬೆಲೆಯೂ ಇರುತ್ತಿರಲಿಲ್ಲ. ತಮ್ಮ ದೊಡ್ಡ ಸಿನಿಮಾಗಳಿಗೆ ಟಿಕೆಟ್ಟಿನ ಪರೀಕ್ಷೆ ಹಳೆಯ ಕಾಲದ್ದು. ಐದು ಕೋಟಿ ರೂಪಾಯಿಯ ಕನ್ನಡ ಸಿನಿಮಾಗೆ ಮಾತ್ರ ಅದೇ ಪ್ರವೇಶಪತ್ರ. ಪರೀಕ್ಷೆ ಬರೆಯಬೇಕಾದವರು ಬಡವರ ಮಕ್ಕಳು ಮಾತ್ರ ಎಂದ ಹಾಗಾಯಿತು.

ಆ ಪರೀಕ್ಷೆಯಲ್ಲಿ ನಮ್ಮವರು ಕೆಲವೊಮ್ಮೆ ಹೇಗೆ ಪಾಸಾಗಿದ್ದಾರೆಂದು ಎಲ್ಲರಿಗೂ ಗೊತ್ತು. 2022ರಲ್ಲಿ 16 ಕೋಟಿ ರೂಪಾಯಿಯಷ್ಟರಲ್ಲಿ ಮುಗಿದ ‘ಕಾಂತಾರ’ ಕೆರಾಡಿಯ ಕಾಡಂಚಿನಿಂದ ಹೊರಟು 400 ಕೋಟಿ ಮುಟ್ಟಿತೆಂದು ವರದಿಗಳು ಹೇಳಿದವು. 2025ರ ಜುಲೈನಲ್ಲಿ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’, ಐದಾರು ಕೋಟಿ ಎನ್ನಲಾದ ಖರ್ಚಿನಲ್ಲಿ, ಒಂದೂ ಹೆಸರಾಂತ ತಾರೆಯ ಮುಖ ಪೋಸ್ಟರ್ ತುಂಬ ಇಲ್ಲದೆ, ಬಾಯಿಂದ ಬಾಯಿಗೆ ಹರಡಿ ನೂರು ಕೋಟಿ ದಾಟಿತು. ಮರ್ಲೂರಿನ ಗಂಡಸರ ಆ ಸುಲೋಚನಾ ಪ್ರಕರಣವನ್ನು ಮೊದಲೇ ಒಂದು ವೇದಿಕೆ ಕೊಂಡು ನೇರವಾಗಿ ಮೊಬೈಲಿಗೆ ಹಾಕಿದ್ದರೆ ಏನಾಗುತ್ತಿತ್ತು? ಮೂರನೇ ದಿನಕ್ಕೆ ಹೊಸ ಸಿನಿಮಾಗಳ ಸಾಲಿನ ಅಡಿಗೆ ಸೇರಿ ಮರೆಯಾಗುತ್ತಿತ್ತು. ಪಕ್ಕದ ಸೀಟಿನವರು ನಗುವುದು ಕೇಳಿ ಇನ್ನಷ್ಟು ನಗುವ ಸಿನಿಮಾ ಅದು.

ವೇದಿಕೆಗಳ ಪರವಾಗಿ ಒಂದು ಕಹಿ ಮಾತನ್ನೂ ಹೇಳಬೇಕು. ಅವು ಕನ್ನಡಕ್ಕೆ ಕಡಿಮೆ ಖರ್ಚು ಮಾಡುವುದು ದ್ವೇಷದಿಂದಲ್ಲ. ಕನ್ನಡ ಚಂದಾದಾರ ತೆಲುಗು, ತಮಿಳು, ಹಿಂದಿ, ಮಲಯಾಳ, ಇಂಗ್ಲಿಷ್ ಎಲ್ಲವನ್ನೂ ನೋಡುತ್ತಾನೆ. ಕನ್ನಡದ್ದು ಇಲ್ಲವೆಂದು ಚಂದಾ ನಿಲ್ಲಿಸುವವರು ನಮ್ಮಲ್ಲಿ ಎಷ್ಟು ಮಂದಿ? ಹೊರಟುಹೋಗುವವನನ್ನು ತಡೆಯಲೆಂದೇ ಖರ್ಚು ಮಾಡುವ ವ್ಯವಹಾರದಲ್ಲಿ, ಎಲ್ಲಿಗೂ ಹೋಗದವನ ಮೇಲೆ ಯಾರೂ ಖರ್ಚು ಮಾಡುವುದಿಲ್ಲ. ನಮ್ಮ ಬಹುಭಾಷಾ ಉದಾರತೆಗೆ ನಾವೇ ಕೊಡುತ್ತಿರುವ ಬೆಲೆ ಇದು. ‘ಎಲೆಕ್ಟ್ರಿಕ್ ಸ್ಟೇಟ್’ನ ದುಡ್ಡಿನಲ್ಲಿ ಐನೂರು ‘ಸು ಫ್ರಮ್ ಸೋ’ ಮಾಡಬಹುದಿತ್ತು ಎಂಬ ಗುಣಾಕಾರವನ್ನು ಯಾರಾದರೂ ಮಾಡಿಯಾರು. ಕೇಳಲು ಚೆಂದ, ಪ್ರಯೋಜನವಿಲ್ಲ. ಅಲ್ಲಿ ಉಳಿದ ದುಡ್ಡು ಇಲ್ಲಿಗೆ ಬರುವುದಿಲ್ಲ.

ಹಾಗಾದರೆ ಕೇಳಬೇಕಾದ್ದೇನು? ದೊಡ್ಡ ಖರ್ಚು ನಿಲ್ಲಿಸಿ ಎಂದಲ್ಲ. ಆ ಖರ್ಚು ಒಮ್ಮೆಯಾದರೂ ನೋಡುಗನ ಎದುರು ನಿಲ್ಲಲಿ ಎಂದು. ಚಿತ್ರಮಂದಿರದಲ್ಲಿ ನಾಲ್ಕು ವಾರ ಓಡಿದ ಸಿನಿಮಾದಿಂದ ವೇದಿಕೆಗೆ ನಷ್ಟವೇನಿಲ್ಲ. ‘ಕಾಂತಾರ: ಅಧ್ಯಾಯ 1’ 2025ರ ಅಕ್ಟೋಬರ್ 2ಕ್ಕೆ ಚಿತ್ರಮಂದಿರಕ್ಕೆ ಬಂದು, ಅದೇ ತಿಂಗಳ 31ಕ್ಕೆ ಪ್ರೈಮ್‌ಗೆ ಬಂತು. ಅಷ್ಟರಲ್ಲಿ ಜಾಹೀರಾತಿನ ಕೆಲಸವನ್ನೆಲ್ಲ ಟಿಕೆಟ್ ಕೊಂಡವರೇ ಮಾಡಿ ಮುಗಿಸಿದ್ದರು. ನೆಟ್‌ಫ್ಲಿಕ್ಸ್‌ಗೂ ಇದರ ರುಚಿ ಒಮ್ಮೆ ಸಿಕ್ಕಿತು. 2025ರ ಜೂನ್‌ನಲ್ಲಿ ಬಂದ ‘ಕೆಪಾಪ್ ಡೀಮನ್ ಹಂಟರ್ಸ್’ ಎಂಬ ಆ್ಯನಿಮೇಷನ್ ಸಿನಿಮಾ ‘ರೆಡ್ ನೋಟಿಸ್’ನ ದಾಖಲೆಯನ್ನು ಮುರಿಯುವ ಹಂತಕ್ಕೆ ಬಂದಾಗ, ಆಗಸ್ಟ್‌ನಲ್ಲಿ ಅದನ್ನು ಎರಡು ದಿನ ಚಿತ್ರಮಂದಿರಗಳಿಗೆ ಬಿಟ್ಟರು. ಮನೆಯಲ್ಲಿ ಪುಕ್ಕಟೆಯಾಗಿ ನೋಡಿದ್ದ ಮಕ್ಕಳೇ ಟಿಕೆಟ್ ಕೊಂಡು ಹೋಗಿ ಒಟ್ಟಿಗೆ ಹಾಡಿದರು. ಆ ವಾರಾಂತ್ಯ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಸಿನಿಮಾ ಅದೇ ಎಂದು ಅಂದಾಜಾಯಿತು. ಅಂದಾಜು ಏಕೆಂದರೆ ನೆಟ್‌ಫ್ಲಿಕ್ಸ್ ಆಗಲೂ ಗಳಿಕೆಯ ಲೆಕ್ಕ ಹೊರಬಿಡಲಿಲ್ಲ.

ಆಪಲ್ ಕಂಪನಿ ಬೇರೆ ದಾರಿ ಹಿಡಿಯಿತು. ಸ್ಕಾರ್ಸೆಸಿಯವರ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ ಅನ್ನು 2023ರಲ್ಲಿ ಚಿತ್ರಮಂದಿರಗಳಿಗೆ ಕಳಿಸಿತು. 20 ಕೋಟಿ ಡಾಲರ್ ಹಾಕಿದ ಸಿನಿಮಾ ಗಳಿಸಿದ್ದು 16 ಕೋಟಿಯ ಒಳಗೆ. ಮರುವರ್ಷ ‘ಆರ್ಗೈಲ್’ಗೆ ಇಷ್ಟೇ ಕೊಟ್ಟಿತೆಂದು ವರದಿಯಾಯಿತು, ಗಳಿಕೆ 10 ಕೋಟಿಯನ್ನೂ ಮುಟ್ಟಲಿಲ್ಲ. ಆಮೇಲೆ ‘ವುಲ್ಫ್ಸ್’ ವಿಚಾರದಲ್ಲಿ ಅಂಜಿ, ಒಪ್ಪಿಕೊಂಡಿದ್ದ ದೊಡ್ಡ ಬಿಡುಗಡೆಯನ್ನು ಒಂದು ವಾರಕ್ಕೆ ಇಳಿಸಿತು. ನಿರ್ದೇಶಕ ಜಾನ್ ವಾಟ್ಸ್ ಬೇಸರಗೊಂಡು ಎರಡನೇ ಭಾಗಕ್ಕೆ ಪಡೆದಿದ್ದ ಹಣವನ್ನು ವಾಪಸು ಮಾಡಿದ್ದಾಗಿ ಬಹಿರಂಗವಾಗಿಯೇ ಹೇಳಿದರು. 2025ರ ಜೂನ್‌ನಲ್ಲಿ ಅದೇ ಆಪಲ್ ‘ಎಫ್1’ ಸಿನಿಮಾವನ್ನು ವಾರ್ನರ್ ಬ್ರದರ್ಸ್ ಕೈಗೆ ವಿತರಣೆಗೆ ಕೊಟ್ಟು, ಜಗತ್ತಿನ ದೊಡ್ಡ ಪರದೆಗಳಲ್ಲೆಲ್ಲ ತಿಂಗಳುಗಟ್ಟಲೆ ಓಡಿಸಿತು. ಗಳಿಕೆ 60 ಕೋಟಿ ಡಾಲರ್ ದಾಟಿತು. ಡಿಸೆಂಬರ್‌ನಲ್ಲಿ ಅದು ಆಪಲ್‌ನ ಚಂದಾದಾರರಿಗೂ ಸಿಕ್ಕಿತು. ಖರ್ಚು, ಪ್ರಚಾರ, ಪ್ರದರ್ಶಕರ ಪಾಲು ಕಳೆದರೆ ಉಳಿದದ್ದು ಬಹಳವೇನಿರಲಾರದು. ಆದರೆ ಆ ಸಿನಿಮಾ ಎಲ್ಲಿ ಓಡಿತು, ಎಲ್ಲಿ ಮುಗ್ಗರಿಸಿತು, ಮೂರನೇ ವಾರ ಎಷ್ಟು ಇಳಿಯಿತು ಎಂದು ಬೆಂಗಳೂರಿನಲ್ಲಿ ಕೂತ ಯಾವ ಹವ್ಯಾಸಿಯೂ ಇವತ್ತು ತೆರೆದು ನೋಡಬಹುದು, ಆಪಲ್‌ನವರ ಜೊತೆ ಜಗಳವಾಡಲೂಬಹುದು.